ಎರಡನೇ ಗೇಟಿನ ತಪಾಸಣೆ

“ಡಬ್ಬಿ ತೆಗಿ,” ಎಂದಳು ಎರಡನೇ ಗೇಟಿನ ಸೆಕ್ಯುರಿಟಿ ಆಂಟಿ.

ಮೋನಿಷಾ ತೆಗೆದಳು. ಸಂಜೆ ಐದರ ಹೊತ್ತು, ಮನೆಗೆ ಹೊರಟವರ ಉದ್ದ ಸಾಲು. ಆಂಟಿ ಊಟದ ಡಬ್ಬಿಯೊಳಗೆ ಬಗ್ಗಿ ನೋಡಿ ಮುಖ ಗಂಟಿಕ್ಕಿದಳು. “ಅರ್ಧ ಹಾಗೇ ಇದೆ. ನಾಳೆಯಿಂದ ಖಾಲಿ ಡಬ್ಬಿ ತೋರಿಸಿದ್ರೇನೇ ಗೇಟು ದಾಟೋದು. ತಿಳೀತಾ?”

ಹುಡುಗಿ ತಲೆ ತಗ್ಗಿಸಿಕೊಂಡು ಹೊರಟಳು. ಹಿಂದೆಯೇ ನಿಂತಿದ್ದ ಗೌರೀಶನಿಗೆ ಮೈಯೆಲ್ಲ ಉರಿಯಿತು. ಡಬ್ಬಿಯಲ್ಲಿ ಅನ್ನ ಉಳಿದರೆ ಇವಳಪ್ಪನ ಗಂಟೇನು ಹೋಯಿತು?

ಗೌರೀಶ್ ಚಾಮರಾಜಪೇಟೆಯ ಆ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸುರಕ್ಷತಾ ಸಮಿತಿಯ ಸಂಚಾಲಕ. ಕೊರಳಲ್ಲಿ ಸೀಟಿ, ಕಂಕುಳಲ್ಲಿ ಫೈಲು. ಕಳೆದ ವರ್ಷದ ಕಲೋತ್ಸವಕ್ಕೆ ಹೊರಗಿನವರು ನುಗ್ಗಿ ರಂಪ ಮಾಡಿದ್ದರು. ಈ ಸಲ ಹನ್ನೆರಡು ದಿನ ಮೊದಲೇ ನಿಯಮ ಬಿಗಿಯಾಯಿತು. ಹೋಗುವಾಗ ಬರುವಾಗ ಚೀಲ ತೋರಿಸಬೇಕು. ಒಬ್ಬ ವಿದ್ಯಾರ್ಥಿಗೆ ಒಂದೇ ಅತಿಥಿ ಪಾಸು, ಒಂದೇ ಕುರ್ಚಿ. ಗೇಟು ಕಾಯುವವರಿಗೆ ಒಳಗೆ ನೆಂಟರಿಷ್ಟರು ಇರಕೂಡದು. ಇಲ್ಲವೆಂದು ಸಹಿ ಹಾಕಬೇಕು. ಯಾರಾದರೂ ಬಿಟ್ಟುಹೋದ ವಸ್ತು ಕಂಡರೆ, ಬಾಂಬಿರಬಹುದೆಂದು, ಸೀದಾ ಮರಳು ಮೂಟೆಗಳ ನಡುವೆ. ಇಷ್ಟನ್ನೂ ಬರೆದವನು ಗೌರೀಶನೇ. ಬಹಳ ಒಳ್ಳೆಯ ಹುಡುಗ, ತೊಂದರೆ ಇದ್ದದ್ದೇ ಅಲ್ಲಿ.

ಅವನು ಮೂರು ದಿನ ಗಮನವಿಟ್ಟು ನೋಡಿದ. ಉಳಿದವರ ಚೀಲಕ್ಕೆ ಎರಡು ಸೆಕೆಂಡು, ಮೋನಿಷಾಳದಕ್ಕೆ ಎರಡು ನಿಮಿಷ. ಉಳಿದವರೆಲ್ಲ ‘ಸಾರ್’, ‘ಮೇಡಂ’, ಇವಳೊಬ್ಬಳಿಗೆ ಏಕವಚನ. ಒಂದು ದಿನ ಆಂಟಿ ಅವಳ ಕೊರಳಪಟ್ಟಿ ಹಿಡಿದೆಳೆದು, “ಗುಂಡಿ ಕಿತ್ತಿರೋದು ಕಾಣಲ್ವಾ?” ಎಂದು ಗದರಿದಳು. ಇನ್ನೊಂದು ದಿನ, ಹುಡುಗಿ ರಸ್ತೆ ದಾಟಿ ವಿಶ್ವೇಶ್ವರಪುರಂ ಕಡೆಯ ಹಾಸ್ಟೆಲಿನ ದಾರಿ ಹಿಡಿದು ಕಣ್ಮರೆಯಾಗುವವರೆಗೂ ಅವಳ ಬೆನ್ನನ್ನೇ ದಿಟ್ಟಿಸುತ್ತ ನಿಂತಿದ್ದಳು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದು ಗೌರೀಶನಿಗೆ ಖಾತ್ರಿಯಾಯಿತು.

ಮೋನಿಷಾಗೆ ಸ್ನೇಹಿತರೆಂದು ಯಾರೂ ಇರಲಿಲ್ಲ. ಗ್ರಂಥಾಲಯದ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಉಣ್ಣುತ್ತಿದ್ದಳು. ಯಾರಾದರೂ ಪಕ್ಕ ಕೂತು ಮನೆ ಕಡೆ ಮಾತು ತೆಗೆದರೆ ಡಬ್ಬಿ ಮುಚ್ಚಿ ಎದ್ದುಬಿಡುತ್ತಿದ್ದಳು. ಗೌರೀಶ್ ಅಲ್ಲಿಗೇ ಹೋದ.

“ಆ ಆಂಟಿ ನಿಂಗೆ ಕಾಟ ಕೊಡ್ತಿದಾರೆ ಅಲ್ವಾ?”

“ಇಲ್ಲಪ್ಪ.”

“ಹೆದರ್ಬೇಡ, ನಾನಿದೀನಿ.”

“ಅಯ್ಯೋ, ಏನೂ ಇಲ್ಲ ಗೌರೀಶ್. ದಯವಿಟ್ಟು ಏನೂ ಬರೀಬೇಡ. ಅವ್ರನ್ನ ಇಲ್ಲಿಂದ ತೆಗೆದ್ಬಿಡ್ತಾರೆ.” ಅವಳ ಕಣ್ಣು ತುಂಬಿತ್ತು.

ಹೆದರಿದವರು ಹೀಗೇ ಮಾತಾಡುತ್ತಾರೆ ಎಂದು ಸುರಕ್ಷತಾ ಕೈಪಿಡಿಯಲ್ಲೇ ಇತ್ತು. ಗೌರೀಶ್ ದೂರು ಬರೆದ. ಕಾವಲುಗಾರರ ಮೇಲ್ವಿಚಾರಕ ಶಿವಲಿಂಗಯ್ಯ ಆಂಟಿಯನ್ನು ಕರೆಸಿ, “ಅದ್ಯಾಕಮ್ಮಾ ಆ ಹುಡುಗಿ ಮೇಲೇ ನಿಮ್ಮ ಕಣ್ಣು?” ಎಂದು ಕೇಳಿದರು. ಅವಳ ಮುಖ ಬಿಳಚಿಕೊಂಡಿತು. “ತಪ್ಪಾಯ್ತು ಸಾರ್,” ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು ಎಂದುಕೊಂಡ ಗೌರೀಶ್. ಮರುದಿನ ಅವಳನ್ನು ಮಲ್ಲೇಶ್ವರದ ಯಾವುದೋ ಅಪಾರ್ಟ್‌ಮೆಂಟಿನ ಕಾವಲಿಗೆ ಹಾಕಿದರು.

ಅಂದು ಸಂಜೆ ಹೊಸ ಕಾವಲುಗಾರ ಮೋನಿಷಾಳ ಚೀಲವನ್ನು ಎರಡು ಸೆಕೆಂಡು ನೋಡಿದ. ಅವಳು ತಾನೇ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಹಿಡಿದು ನಿಂತಿದ್ದಳು. ಡಬ್ಬಿ ಪೂರ್ತಿ ಖಾಲಿಯಾಗಿತ್ತು.

“ಸಾಕು ಮೇಡಂ, ಹೋಗಿ,” ಎಂದ ಅವನು.

ಮೋನಿಷಾ ಅದುವರೆಗೂ ಅತಿಥಿ ಪಾಸಿಗೆ ಅರ್ಜಿ ಕೊಟ್ಟಿರಲಿಲ್ಲ. ಕೊನೆಯ ದಿನ ತಾನೇ ಪಾಸು ತುಂಬಿಕೊಂಡು ಬಂದಳು. ಆರುನೂರು ಪಾಸುಗಳ ರಾಶಿಯ ನಡುವೆ ಕೂತಿದ್ದ ಗೌರೀಶ್ ಓದದೆಯೇ ಮೊಹರು ಒತ್ತಿದ. ಎ ಸಾಲು, ಹದಿನೇಳನೇ ಕುರ್ಚಿ.

“ನನ್ನ ಹಾಡು ಆರು ಗಂಟೆಗೆ. ಈ ಪಾಸ್ ತೋರ್ಸಿದ್ರೆ ಒಳಗೆ ಬಿಡ್ತಾರೆ ತಾನೇ?” ಎಂದು ಕೇಳಿ ನಕ್ಕಳು. ಅವಳು ನಕ್ಕಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಭಯ ಬಿಟ್ಟುಹೋಯ್ತು ನೋಡಿ ಸಾರ್ ಎಂದು ಶಿವಲಿಂಗಯ್ಯನವರ ಮುಂದೆ ಹೇಳಿಕೊಂಡ.

ಕಲೋತ್ಸವದ ದಿನ, ಆರಕ್ಕೆ ಹತ್ತು ನಿಮಿಷವಿರುವಾಗ, ಆ ಆಂಟಿ ಎರಡನೇ ಗೇಟಿಗೆ ಬಂದಳು. ಸಮವಸ್ತ್ರವಿರಲಿಲ್ಲ. ನೇರಳೆ ಬಣ್ಣದ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಒಂದು ಕೈಯಲ್ಲಿ ಸ್ಟೀಲಿನ ಡಬ್ಬಿ, ಇನ್ನೊಂದರಲ್ಲಿ ಪಾಸು.

ಗೇಟಿನಲ್ಲೇ ನಿಂತಿದ್ದ ಗೌರೀಶ್ ಪಾಸಿನ ಮೇಲಿನ ಮೊದಲ ಸಾಲು ನೋಡಿದ. ವಿದ್ಯಾರ್ಥಿ: ಮೋನಿಷಾ.

“ಇದನ್ನೂ ಅವಳನ್ನ ಹೆದರಿಸಿ ಕಿತ್ಕೊಂಡ್ರಾ? ನಾಚ್ಕೆ ಆಗಲ್ವಾ ನಿಮ್ಗೆ?”

“ಪೂರ್ತಿ ಓದಿ ಸಾರ್,” ಎಂದಳು ಮೆಲ್ಲಗೆ. ಗೌರೀಶನ ಬೆನ್ನ ಹಿಂದೆ ಮೋನಿಷಾಳ ತರಗತಿಯವರೇ ಮೊಬೈಲ್ ಎತ್ತಿ ಹಿಡಿದಿದ್ದರು. ಅವರನ್ನು ಕಂಡು ಇನ್ನೇನೋ ಹೇಳಹೊರಟವಳು ನುಂಗಿಕೊಂಡಳು.

ಅವನು ಪಾಸನ್ನು ಜೇಬಿಗೆ ತುರುಕಿ ಸೀಟಿ ಊದಿದ.

“ಇದನ್ನಾದ್ರೂ ಅವ್ಳಿಗೆ ಕೊಟ್ಬಿಡಿ.” ಡಬ್ಬಿಯನ್ನು ಮೇಜಿನ ಮೇಲಿಟ್ಟು, ಸೆರಗು ಹೊದ್ದು, ಅವಳು ಬಂದ ದಾರಿಯಲ್ಲೇ ಹೋದಳು. ಡಬ್ಬಿ ಇನ್ನೂ ಬಿಸಿಯಾಗಿತ್ತು. ನಿಯಮದಂತೆ ಅದನ್ನು ಮರಳು ಮೂಟೆಗಳ ನಡುವೆ ಇಟ್ಟರು.

ಆರು ಗಂಟೆಗೆ ಮೋನಿಷಾ ರಾಗಿ ಬೀಸುವ ಪದ ಎತ್ತಿಕೊಂಡಳು. ಎರಡನೇ ನುಡಿಗೆ ಎ ಸಾಲಿನತ್ತ ನೋಡಿದಳು. ತುಂಬಿದ ಸಭೆಯಲ್ಲಿ ಹದಿನೇಳನೆಯದೊಂದೇ ಖಾಲಿ. ದನಿ ನಿಂತುಹೋಯಿತು. ಜನ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಉಳಿದದ್ದನ್ನು ಬಾಗಿಲು ನೋಡುತ್ತಲೇ ಹಾಡಿ ಮುಗಿಸಿದಳು.

ವೇದಿಕೆಯ ಹಿಂದೆ ಗೌರೀಶ್ ಕಾಯುತ್ತಿದ್ದ. “ಇನ್ನು ಆರಾಮಾಗಿರು. ಆ ಆಂಟಿ ನಿನ್ನ ಪಾಸ್ ಹಿಡ್ಕೊಂಡು ಬಂದಿದ್ರು. ಗೇಟಿಂದಾನೇ ಓಡಿಸ್ಬಿಟ್ಟೆ,” ಎಂದು ಪಾಸು ತೆಗೆದು ಚಾಚಿದ.

ಅವಳು ಅದನ್ನು ತೆಗೆದುಕೊಳ್ಳಲಿಲ್ಲ. ಪಾಸು ಅವನ ಕೈಯಲ್ಲೇ ಉಳಿಯಿತು, ಆಗ ಅವನು ಪೂರ್ತಿ ಓದಿದ.

ಅತಿಥಿ: ನರಸಮ್ಮ. ಸಂಬಂಧ: ತಾಯಿ.