ಟ್ಯಾಂಕಿನೊಳಗಿನ ಮಾತು

ಗೋಡೆ ತೊಳೆದರೆ ಅದು ಕೇಳಿಸಿಕೊಂಡ ಮಾತೆಲ್ಲ ನೀರಿನೊಡನೆ ಇಳಿದುಬರುವ ಕಾಲ ಅದು. ಆ ನೀರನ್ನು ಚರಂಡಿಗೆ ಬಿಟ್ಟರೆ ಬೀದಿಯೆಲ್ಲ ಗದ್ದಲ. ಅದಕ್ಕೇ ಹೊನ್ನಯ್ಯನವರು ಪ್ರೆಶರ್ ಪಂಪಿನಿಂದ ಮನೆಗಳನ್ನು ತೊಳೆದು, ನೀರನ್ನು ಒಂದು ಹನಿಯೂ ಬಿಡದೆ ವ್ಯಾನಿನ ಟ್ಯಾಂಕಿಗೆ ಹೀರಿಕೊಂಡು, ಸಂಜೆಗೆ ಊರಾಚೆಯ ಗುಂಡಿಗೆ ಸುರಿಯುತ್ತಿದ್ದರು.

ಅಂದು ತೊಳೆದದ್ದು ತಮ್ಮದೇ ಮನೆ. ಹೆಂಡತಿ ನಿಂಗಾಜಮ್ಮ ತೀರಿಕೊಂಡು ಹನ್ನೊಂದನೆಯ ದಿನ. ಸಾವಾದ ಮನೆಗಳನ್ನು ಆ ದಿನ ತೊಳೆದುಕೊಡುವುದು ಅವರ ಮೂವತ್ತು ವರ್ಷದ ಕಸುಬು. ಕೈ ರೂಢಿಯಂತೆ ನಡೆದುಬಿಟ್ಟಿತು. ದೇವರ ಕೋಣೆಯ ಗೋಡೆ ಬೆಳ್ಳಗಾದ ಮೇಲೆಯೇ ತಾವು ಮಾಡಿದ್ದೇನೆಂದು ಅವರಿಗೆ ಹೊಳೆದದ್ದು.

ಸಂಜೆ ವ್ಯಾನು ಬಂದಾಗ ಗುಂಡಿ ಕಾಯುವ ಮುನಿಲಕ್ಷ್ಮಿ ಎಂದಿನಂತೆ ಟ್ಯಾಂಕಿಗೆ ಕಿವಿಗೊಟ್ಟಳು.

“ಹೊನ್ನಯ್ಯಣ್ಣ, ದೀಪಕ್ಕೆ ಎಣ್ಣೆ ಹಾಕಿದ್ರಾ ಅಂತ ಕೇಳ್ತಾವ್ರೆ. ಅಕ್ಕನ ದನಿ ಅಲ್ವಾ ಇದು?”

“ಹೂಂ ಕಣವ್ವ. ದಿನಾ ಸಂಜೆ ಕೇಳೋಳು.”

“ಒಂದು ಕ್ಯಾನ್ ತುಂಬ್ಕೊಂಡು ಹೋಗಿ. ನಾನೇನೂ ನೋಡ್ಲಿಲ್ಲ.”

ಅವಳು ಕೊಟ್ಟ ಕ್ಯಾನನ್ನು ಹಿಡಿದು ಅವರು ಟ್ಯಾಂಕಿನ ವಾಲ್ವಿನವರೆಗೆ ಹೋದರು. ಆಮೇಲೆ ಹಿಂದಕ್ಕೆ ಕೊಟ್ಟರು.

“ಬ್ಯಾಡ ಕಣವ್ವ. ಎರಡು ದಿನಕ್ಕೆ ನೀರು ಕೊಳೀತದೆ, ಜೊತೆಗೆ ಮಾತೂ ಕೊಳೀತದೆ. ಅವಳ ಮಾತು ಹಂಗಾಗೋದನ್ನ ನಾನು ಕೇಳಲಾರೆ.”

ವಾಲ್ವಿನ ಮೇಲೆ ಕೈಯಿಟ್ಟು ಅವರು ಟ್ಯಾಂಕಿನತ್ತ ಬಾಗಿದರು. ಅದೇ ಪ್ರಶ್ನೆ ಮತ್ತೆ ಬಂತು. ಸೂತಕ ಕಳೆದಿದ್ದರೂ ದೀಪ ಮುಟ್ಟಲು ಅವರಿಗೆ ಮನಸ್ಸಾಗಿರಲಿಲ್ಲ. ಆದರೆ ಅವಳಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಇನ್ನೂ ಇಲ್ಲ ಕಣೇ,” ಎಂದರು. “ಈಗ ಹೋಗಿ ಹಾಕ್ತೀನಿ.”

ಆಮೇಲೆ ವಾಲ್ವ್ ತಿರುಗಿಸಿದರು.