ಯಾರೂ ಫೋನ್ ಮಾಡದ ಗುಂಪು

"ನೀವು ಅವರಿಗೆ ಫೋನ್ ಮಾಡಿದ್ದೀರಿ. ಒಪ್ಪಿಕೊಂಡುಬಿಡಿ."

"ನಿಮ್ಮಾಣೆ ಮಾಡಿಲ್ಲ ಸರ್."

ಆರೋಪ ಹೊರಿಸಿದವನನ್ನು ಕಚೇರಿಯಲ್ಲಿ ಎಲ್ಲರೂ ಸರಾಸರಿ ಎಂದೇ ಕರೆಯುತ್ತಿದ್ದರು. ಇವತ್ತಿನ ಕಾಫಿ ಹೇಗಿದೆ ಎಂದು ಕೇಳಿದರೂ, ವಾರದ ಕಾಫಿಯನ್ನೆಲ್ಲ ಕೂಡಿಸಿ ಏಳರಿಂದ ಭಾಗಿಸಿ ಉತ್ತರ ಕೊಡುವ ಆಸಾಮಿ. ಎದುರಿಗೆ ಕೂತವಳು ಫೋನಕ್ಕ. ಬಂಡೆಗಲ್ಲಿಗೆ ಫೋನ್ ಹಚ್ಚಿಕೊಟ್ಟರೂ ಮಾತಿಗೆಳೆದು, ಅದರ ಮೊಮ್ಮಕ್ಕಳು ಎಷ್ಟನೇ ಕ್ಲಾಸು ಎಂದು ತಿಳಿದುಕೊಂಡು ಬರುವವಳು.

ವಿಷಯ ಇಷ್ಟೇ. ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರು ನಲವತ್ತು ಮಂದಿ. ಚೀಟಿ ಎತ್ತಿ ಎರಡು ಗುಂಪು ಮಾಡಿದ್ದರು. ಮೊದಲ ಇಪ್ಪತ್ತು ಮಂದಿಗೆ ಫೋನಕ್ಕ ದಿನಾ ಹತ್ತು ನಿಮಿಷ ಫೋನ್ ಮಾಡಬೇಕು. ಉಳಿದ ಇಪ್ಪತ್ತು ಮಂದಿಗೆ ಯಾರೂ ಮಾಡಬಾರದು. ತಿಂಗಳಿಗೊಮ್ಮೆ ಎಲ್ಲರೂ ಕಚೇರಿಗೆ ಬಂದು ಫಾರಂ ಕೊಟ್ಟುಹೋಗಬೇಕು. ಒಂಟಿತನಕ್ಕೆ ಅರವತ್ತಕ್ಕೆ ಇಷ್ಟು ಎಂದು ಅಂಕ. ಅಂಕ ಹೆಚ್ಚಿದ್ದಷ್ಟೂ ಒಂಟಿತನ ಹೆಚ್ಚು. ಮೂರು ತಿಂಗಳಾದ ಮೇಲೆ ಎರಡೂ ಗುಂಪಿನ ಸರಾಸರಿಯನ್ನು ಟಿ-ಟೆಸ್ಟ್‌ಗೆ ಹಾಕಬೇಕು. ಅವುಗಳ ನಡುವಿನ ಅಂತರ ನಿಜವಾದದ್ದೋ, ಬರೀ ಅದೃಷ್ಟದ ಆಟವೋ, ಅದು ಹೇಳುತ್ತದೆ. ಆ ಲೆಕ್ಕದ ಉತ್ತರವಾದ ಟಿ ಎರಡು ದಾಟಿದರೆ ನಲವತ್ತು ಮನೆಗೂ ಫೋನ್ ಸೇವೆ. ದಾಟದಿದ್ದರೆ ಶನಿವಾರಕ್ಕೆ ಎಲ್ಲಾ ಬಂದ್. ಫೋನಕ್ಕನ ಕೆಲಸವೂ ಬಂದ್.

ಶುರುವಿನಲ್ಲಿ ಎರಡೂ ಗುಂಪಿನ ಸರಾಸರಿ ನಲವತ್ತನಾಲ್ಕು ಇತ್ತು. ಈಗ ಫೋನ್ ಗುಂಪಿನದು ಮೂವತ್ತೊಂದಕ್ಕೆ ಇಳಿದಿತ್ತು. ಭೇಷ್! ಯಾರೂ ಫೋನ್ ಮಾಡದ ಗುಂಪಿನದು ಮೂವತ್ತೆರಡು. ಟಿ ಬಂದದ್ದು ಸೊನ್ನೆ ಪಾಯಿಂಟ್ ನಾಲ್ಕು. ಕಂಪ್ಯೂಟರೇ ನಾಚಿಕೊಂಡು ಪರದೆ ಮಂಕು ಮಾಡಿಕೊಂಡಿತು.

"ಸುಮ್ಮಸುಮ್ಮನೆ ಹನ್ನೆರಡು ಅಂಕ ಇಳಿಯುತ್ತಾ? ಯಾರೋ ಅವರ ಜತೆ ಮಾತಾಡಿದ್ದಾರೆ," ಎಂದ ಸರಾಸರಿ.

"ಮಾತಾಡಿದ್ರೆ ತಪ್ಪೇನು ಸರ್, ಪಾಪ?"

"ನೋಡಿ, ಬಾಯಿಬಿಟ್ಟಿರಿ!"

"ಕೇಳಿದೆ ಅಷ್ಟೆ. ಬೇಕಾದ್ರೆ ಬಿಲ್ ನೋಡಿ."

ಬಿಲ್ ನೋಡಿದ. ಎರಡನೇ ಗುಂಪಿನ ಒಂದು ನಂಬರೂ ಅದರಲ್ಲಿರಲಿಲ್ಲ. ಆದರೂ ಅವನಿಗೆ ನಂಬಿಕೆ ಬರಲಿಲ್ಲ. ನಾಳೆ ಇಬ್ಬರೂ ಮನೆಮನೆಗೆ ಹೋಗಿ ಕೇಳುವುದು ಎಂದು ತೀರ್ಮಾನವಾಯಿತು. ಲೆಕ್ಕ ಮಾಡುವವನು ಲೆಕ್ಕ ಮುಗಿಯುವವರೆಗೆ ಈ ಜನರ ಮುಖ ನೋಡಬಾರದೆಂಬ ನಿಯಮವಿತ್ತು. ಮೂರು ತಿಂಗಳು ಅವನು ಅದನ್ನು ಚಾಚೂ ತಪ್ಪದೆ ಪಾಲಿಸಿದ್ದ. ಅವರು ಫಾರಂ ಕೊಡಲು ಬಂದ ದಿನ ಒಳಗಿನ ಕೋಣೆಯ ಚಿಲಕ ಹಾಕಿಕೊಂಡು ಕೂತಿರುತ್ತಿದ್ದ.

ಸಂಜೆ ಮನೆಗೆ ಹೋದ. ಎರಡು ಕುರ್ಚಿ. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ಮಡಿಸದ ಬಟ್ಟೆ. ಗೋಡೆಯ ಹಲ್ಲಿ ಕೂಡ ಬೇಸರ ತಡೆಯದೆ ಪಕ್ಕದ ಮನೆಗೆ ಹೋಗಿ ತಿಂಗಳಾಗಿತ್ತು. ಬ್ರೆಡ್ಡಿನ ಪೊಟ್ಟಣ ಬಿಚ್ಚುವಷ್ಟರಲ್ಲಿ ಫೋನ್ ಕೂಗಿತು. ಅನುಮಾನವಿದ್ದರೆ ಕೇಳಿ ಎಂದು ಎಲ್ಲ ಫಾರಂಗಳ ಕೆಳಗೂ ಅವನ ನಂಬರ್ ಹಾಕಿತ್ತು. ಕೇಳುವವರ ಹೆಸರು ಕೇಳಬಾರದು, ಅದೂ ನಿಯಮ.

"ಒಂಬತ್ತನೇ ಪ್ರಶ್ನೆ ತಲೆಗೆ ಹೋಗ್ತಿಲ್ಲಪ್ಪ."

"ನಿಮ್ಮ ಮಾತು ಕೇಳೋಕೆ ಮನುಷ್ಯರು ಯಾರಾದ್ರೂ ಇದ್ದಾರಾ ಅಂತ ಕೇಳಿದೆ ಅಮ್ಮ. ಯಾವತ್ತೂ ಇಲ್ಲ, ಅಪರೂಪಕ್ಕೆ, ಆಗಾಗ. ಮೂರರಲ್ಲಿ ಒಂದಕ್ಕೆ ಗುರುತು ಹಾಕಿ."

"ಊಟ ಆಯ್ತಾ?"

"ಬ್ರೆಡ್ ತಿಂತಿದ್ದೀನಿ."

"ಬರೀ ಬ್ರೆಡ್ಡಾ?"

ಹೀಗೆ ಅರ್ಧ ಗಂಟೆ. ದಿನಕ್ಕೆ ನಾಲ್ಕು ಸಲ, ಬೇರೆಬೇರೆ ದನಿ, ಅದೇ ಪ್ರಶ್ನೆ. ಇಷ್ಟು ಕಷ್ಟದ ಪ್ರಶ್ನೆ ಬರೆದವನ ಕೈ ಸೇದಿಹೋಗಲಿ ಎಂದು ಸರಾಸರಿ ಬೈದುಕೊಳ್ಳುತ್ತಿದ್ದ. ಬರೆದವನು ತಾನೇ ಎಂದು ನೆನಪಾಗಿ ಕೈ ನೋಡಿಕೊಳ್ಳುತ್ತಿದ್ದ. ನಾಲ್ಕನೆಯ ಫೋನ್ ಇಟ್ಟ ಮೇಲೆ ಮನೆ ಎಷ್ಟು ಸದ್ದಿಲ್ಲದಾಗುತ್ತಿತ್ತೆಂದರೆ, ಬ್ರೆಡ್ ಅಗಿಯುವುದಕ್ಕೂ ಅವನಿಗೆ ಸಂಕೋಚವಾಗುತ್ತಿತ್ತು.

ಮಾರನೆಯ ದಿನ ಮೊದಲು ಹೋದದ್ದು ದರ್ಜಿ ತಾತನ ಮನೆಗೆ. ಫೋನಕ್ಕ ಕೇಳುವುದು, ಸರಾಸರಿ ಹಿಂದೆ ನಿಂತು ತುಟಿ ಬಿಚ್ಚದೆ ಬರೆದುಕೊಳ್ಳುವುದು.

"ತಾತ, ನಿಮಗೆ ಯಾರಾದ್ರೂ ಫೋನ್ ಮಾಡ್ತಿದ್ರಾ?"

"ಸುಳ್ಳು ಯಾಕೆ ಹೇಳ್ಲಿ ತಾಯಿ? ಮೂರು ತಿಂಗಳಿಂದ ನನ್ನ ಫೋನು ಒಂದ್ಸಲಾನೂ ಕೂಗಿಲ್ಲ."

"ಮತ್ತೆ ಇಷ್ಟು ಗೆಲುವಾಗಿದ್ದೀರಲ್ಲ?"

"ಕೈಗೆ ಒಂದು ಕೆಲ್ಸ ಸಿಕ್ತು ನೋಡು, ಅದಕ್ಕೆ."

ಮೂಲೆಯಲ್ಲಿ ಹೊಲಿಗೆ ಯಂತ್ರ ಧೂಳು ಹೊದ್ದು ಮಲಗಿತ್ತು.

ಆರು ಮನೆ ಮುಗಿಯಿತು. ಆರರಲ್ಲೂ ಅದೇ ಮಾತು. ಏಳನೆಯದು ಕೆಲಸದಿಂದ ನಿವೃತ್ತಳಾದ ನರ್ಸಮ್ಮನ ಮನೆ.

"ನನಗಾ? ಫೋನಾ? ಯಾರು ಮಾಡ್ತಾರೆ ಬಿಡಮ್ಮ," ಎಂದಳು ಅವಳು.

ಸರಾಸರಿಗೆ ತಡೆಯಲಾಗಲಿಲ್ಲ. "ನಿಜ ಹೇಳಿ ಅಮ್ಮ. ಒಂಬತ್ತನೇ ಪ್ರಶ್ನೆಗೆ 'ಆಗಾಗ' ಅಂತ ಗುರುತು ಹಾಕಿದ್ದೀರಿ. ನಿಮ್ಮ ಮಾತು ಕೇಳೋ ಆ ಮನುಷ್ಯ ಯಾರು?"

ನರ್ಸಮ್ಮ ಕನ್ನಡಕ ಏರಿಸಿದಳು. "ಇನ್ನೊಂದ್ಸಲ ಮಾತಾಡು."

"ಏನು ಮಾತಾಡ್ಲಿ?"

"ಅಯ್ಯೋ, ನೀನೇ!" ಎದ್ದು ಬಂದು ಅವನ ಮಣಿಕಟ್ಟು ಹಿಡಿದು ನಾಡಿ ನೋಡಿದಳು. "ಇಷ್ಟು ಬಡಕಲಾ? ಬರೀ ಬ್ರೆಡ್ ತಿಂದ್ರೆ ಇನ್ನೇನಾಗುತ್ತೆ?"

ಸರಾಸರಿಯ ಪೆನ್ನು ನಿಂತಿತು. ಫೋನ್ ಗುಂಪಿನವರಿಗೆ ಅನುಮಾನ ಬಂದರೆ ಫೋನಕ್ಕನನ್ನೇ ಕೇಳುತ್ತಿದ್ದರು. ಹಾಗಾದರೆ ತನಗೆ ಬಂದ ಫೋನುಗಳೆಲ್ಲ ಈ ಗುಂಪಿನವು. ಮೂರು ತಿಂಗಳಿಂದ ಇವರನ್ನು ಮಾತಾಡಿಸುತ್ತಿದ್ದ ಕಳ್ಳ ತಾನೇ.

"ಅಂದ್ರೆ ಒಂದು ಗುಂಪಿಗೆ ನಾನು, ಇನ್ನೊಂದಕ್ಕೆ ನೀವು," ಎಂದಳು ಫೋನಕ್ಕ, ಸೆರಗಿನಲ್ಲಿ ನಗು ಮುಚ್ಚಿಕೊಂಡು. "ಫೋನಿಂದ ಉಪಯೋಗ ಇಲ್ಲ ಅಂತ ಬರೀತೀರಾ ಸರ್ ಈಗ?"

"ಇಲ್ಲ. ತಪ್ಪು ನನ್ನದು, ಸೇವೆ ನಿಲ್ಲಿಸಬೇಡಿ ಅಂತ ಬರೀತೀನಿ." ಅವನು ನರ್ಸಮ್ಮನ ಕಡೆ ತಿರುಗಿ ತಲೆ ತಗ್ಗಿಸಿದ. "ಒಂಬತ್ತನೇ ಪ್ರಶ್ನೆ ಅಷ್ಟೊಂದು ಕಷ್ಟ ಇತ್ತಾ ಅಮ್ಮ?"

"ಮೊದಲ ದಿನಾನೇ ಅರ್ಥ ಆಗಿತ್ತು ಮಗ, ಆದ್ರೆ ಫೋನಲ್ಲಿ ನಿನ್ನ ಹಿಂದೆ ಒಂದು ಪಾತ್ರೆ ಸದ್ದೂ ಕೇಳಿಸ್ಲಿಲ್ಲ, ಅದಕ್ಕೇ ನಮ್ಮ ಗುಂಪಿನೋರಿಗೆಲ್ಲ ದಿನಕ್ಕೆ ನಾಲ್ಕು ಜನದ ಹಾಗೆ ನಿನ್ನ ಮಾತಾಡಿಸೋ ಡ್ಯೂಟಿ ಹಾಕಿಬಿಟ್ಟೆ."