ಮರಿಯ ದನಿ

ಮರಿಯನ್ನು ಬೇರೆ ಪಾರ್ಕಿಗೆ ಮಾರಿದ ದಿನದಿಂದ ಶೋ ಪಾರ್ಕಿನ ಕೊಳದಲ್ಲಿದ್ದ ತಾಯಿ ಓರ್ಕಾ ತಿಮಿಂಗಿಲ ಮೀನನ್ನು ಮುಟ್ಟಿರಲಿಲ್ಲ. ಮ್ಯಾನೇಜರು ಮಿಮಿಕ್ರಿ ಕಲಾವಿದನೊಬ್ಬನನ್ನು ಕರೆಸಿದರು.

"ಮರಿಯ ಕೂಗಿನ ರೆಕಾರ್ಡು ಹಾಕಿದ್ರೆ ನಂಬ್ತಿಲ್ಲ. ಮಂತ್ರಿಗಳ ದನಿ ಮಾಡ್ತೀಯಲ್ಲ, ನೀರಿಗಿಳಿದು ಇದರ ಮರಿಯ ದನಿ ಮಾಡು. ನಾಳೆ ಶೋ ಇದೆ."

"ಮಂತ್ರಿಗಳಿಗೆ ಬಾಯಿ ಮಾತ್ರ ಸಾರ್, ಇದಕ್ಕೆ ಹಲ್ಲೂ ಇದೆ."

"ಇಳಿಯಯ್ಯ."

ಅವನು ರೆಕಾರ್ಡು ಕೇಳಿ ಕಲಿತು, ನೀರಿಗಿಳಿದು, ಮರಿಯಂತೆ ಕೂಗಿದ. ತಿಮಿಂಗಿಲ ಧಾವಿಸಿ ಬಂತು. ಮೂತಿಯಿಂದ ಅವನ ಮೈ ಸವರಿತು. ಒಂದು ಬುಟ್ಟಿ ಮೀನು ತಿಂದಿತು.

"ಭೇಷ್. ಮೇಲೆ ಬಾ."

ಅವನು ಏಣಿ ಹಿಡಿದ. ತಿಮಿಂಗಿಲ ಅವನ ಕಾಲನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ಕೊಳದ ನಡುವಿಗೆ ಎಳೆದುಕೊಂಡಿತು.

"ಸಾರ್, ಬಿಡ್ತಿಲ್ಲ."

"ನಾನು ನಿನ್ನ ಮರಿಯಲ್ಲ ಅಂತ ಅದರ ಭಾಷೆಯಲ್ಲೇ ಹೇಳಯ್ಯ."

"ಅದರ ಭಾಷೆಯಲ್ಲಿ ನಂಗೆ ಬರೋದು 'ಅಮ್ಮಾ' ಒಂದೇ ಸಾರ್."